ನಾನೂರು ಹರ್ಟ್ಸಿನ ಷೆಡ್ಡು

ದೊಡ್ಡಪಾಲಯ್ಯ ಹನ್ನೊಂದು ವರ್ಷ ಒಂದೇ ಯಂತ್ರದ ಜೊತೆ ಕಳೆದ. ಚಳ್ಳಕೆರೆಯ ಹೊರಗೆ ವಿಮಾನದ ಬಿಡಿಭಾಗ ಪರೀಕ್ಷಿಸುವ ಸಣ್ಣ ಕಾರ್ಖಾನೆಯಲ್ಲಿ ಅವನು ಆಪರೇಟರ್. ಮನೆಗೆ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಏರಿಳಿಯುತ್ತದೆ. ವಿಮಾನದ ಉಪಕರಣಕ್ಕೆ ನಾನೂರು ಸಲ, ಅಂದರೆ ನಾನೂರು ಹರ್ಟ್ಸ್ ಫ್ರೀಕ್ವೆನ್ಸಿ ಬೇಕು. ಹಾಗೆ ಬದಲಾಯಿಸುವ ಕನ್ವರ್ಟರ್ ಹಿಂಭಾಗದ ಷೆಡ್ಡಿನಲ್ಲಿತ್ತು. ಅಲ್ಲಿಗೆ ಬೇರೆ ಯಾರೂ ಬರುತ್ತಿರಲಿಲ್ಲ.

ಯಂತ್ರದ ಸದ್ದು ಜೋರು ಎಂದು ಕಿವಿಗೆ ಮುಚ್ಚಿಕೆ ಕೊಟ್ಟಿದ್ದರು. ಬೇರಿಂಗ್ ಸವೆಯುವ ಸದ್ದು ತಪ್ಪಿಹೋದೀತೆಂದು ಅವನೇ ಅದನ್ನು ಮೊಳೆಗೆ ನೇತುಹಾಕಿಬಿಡುತ್ತಿದ್ದ. ಎಂಟನೇ ವರ್ಷದ ಹೊತ್ತಿಗೆ ಜನರ ಮಾತು ಕೇಳಿಸುವುದು ಕಡಿಮೆಯಾಯಿತು.

ಮದುವೆಯಾಗಿರಲಿಲ್ಲ. ದೊಡ್ಡಉಳ್ಳಾರ್ತಿಯಲ್ಲಿ ಅಕ್ಕ ಯರ್ರಮ್ಮನ ಜೊತೆ ಇದ್ದ. ಸಂಜೆ ಕಟ್ಟೆಯ ಮೇಲೆ ಕುರಿ, ಮಳೆ ಎಂದು ಮಾತು ನಡೆದಾಗ ಮುಖಗಳನ್ನೇ ನೋಡುತ್ತಾ ಕೂರುತ್ತಿದ್ದ. ಜನ ನಕ್ಕಾಗ ತಾನೂ ನಗುತ್ತಿದ್ದ, ತುಸು ತಡವಾಗಿ. ಒಂದು ದಿನ ಯಾರದೋ ತಾಯಿ ತೀರಿಕೊಂಡ ಸುದ್ದಿಗೆ ನಕ್ಕುಬಿಟ್ಟ. ಆಮೇಲೆ ಕಟ್ಟೆಗೆ ಹೋಗಲಿಲ್ಲ.

ಕಳೆದ ವರ್ಷ ಬೀರುವಿನಂಥ ಹೊಸ ಕನ್ವರ್ಟರ್ ಬಂತು. ಅದಕ್ಕೆ ಆಪರೇಟರ್ ಬೇಕಿರಲಿಲ್ಲ. ಪಾಲಯ್ಯನನ್ನು ಸ್ಟೋರಿಗೆ ಹಾಕಿದರು. ಹಳೆಯದು ಗುಜರಿಗೆ ಹೋಗುವ ಮೊದಲು, ಮೊಳಕಾಲ್ಮೂರಿನಿಂದ ಬಂದ ಐಟಿಐ ವಿದ್ಯಾರ್ಥಿಗಳಿಗೆ ಅದನ್ನು ತೋರಿಸಲು ಇಂಜಿನಿಯರ್ ತೇಜಶ್ರೀ ಅವನನ್ನು ಕರೆದಳು.

"ನೀವೇ ಹೇಳ್ರಿ ಪಾಲಯ್ಯನೋರೆ," ಎಂದು ಕಿವಿಯ ಹತ್ತಿರ ಬಂದು ಹೇಳಿದಳು.

ಅವನು ಯಂತ್ರದ ಮೇಲೆ ಕೈಯಿಟ್ಟ. "ಕನ್ವರ್ಟರಲ್ಲಿ ಎರಡು ಥರ ಅವೆ. ತಿರುಗೋದು, ತಿರುಗದೇ ಇರೋದು. ಇದು ತಿರುಗೋದು. ಈ ಕಡೆ ಮೋಟ್ರು, ಆ ಕಡೆ ಜನರೇಟ್ರು, ಎರಡಕ್ಕೂ ಒಂದೇ ಶಾಫ್ಟು. ಮೋಟ್ರಿಗಿಂತ ಜನರೇಟ್ರಿಗೆ ಎಂಟು ಪಟ್ಟು ಪೋಲು, ಅಂದ್ರೆ ಅಯಸ್ಕಾಂತದ ಧ್ರುವ. ಅದಕ್ಕೆ ಫ್ರೀಕ್ವೆನ್ಸಿನೂ ಎಂಟು ಪಟ್ಟು." ಹೊಸ ಪೆಟ್ಟಿಗೆಯತ್ತ ತಿರುಗಿದ. "ತಿರುಗದೇ ಇರೋದ್ರಲ್ಲೂ ಎರಡು. ಇದು ಎಸಿನ ಮೊದ್ಲು ಡಿಸಿ ಮಾಡ್ತೈತೆ, ಆಮೇಲೆ ನಮಗೆ ಬೇಕಾದಂಗೆ ಮತ್ತೆ ಎಸಿ ಮಾಡ್ತೈತೆ. ಇನ್ನೊಂದು, ಸೈಕ್ಲೋಕನ್ವರ್ಟರ್ ಅಂತ. ನಡುವೆ ಡಿಸಿ ಇಲ್ದೆ ನೇರ ಬದಲಾಯಿಸ್ತೈತೆ. ಅದು ಫ್ರೀಕ್ವೆನ್ಸಿ ಇಳಿಸಾಕೆ. ನಿಧಾನ ತಿರುಗೋ ದೊಡ್ಡ ಮೋಟ್ರಿಗೆ ಹಾಕ್ತಾರೆ."

ರಶ್ಮಿತಾ ಎಂಬ ವಿದ್ಯಾರ್ಥಿನಿ ಏನೋ ಕೇಳಿದಳು.

"ಎಂಟು ಪಟ್ಟು," ಅಂದ.

ಎಲ್ಲರೂ ನಕ್ಕರು. ತೇಜಶ್ರೀ ನಗಲಿಲ್ಲ. ರಟ್ಟಿನ ತುಂಡಿನ ಮೇಲೆ ಬರೆದು ತೋರಿಸಿದಳು: ಯಾವುದು ಒಳ್ಳೇದು ಅಂತ ಕೇಳ್ತಿದಾಳೆ.

ಅವನು ಎರಡು ಸಲ ಓದಿದ. "ಹೊಸದೇ ಕಣಮ್ಮಾ. ಸದ್ದಿಲ್ಲ, ಕರೆಂಟೂ ಕಮ್ಮಿ ತಿಂತೈತೆ," ಎಂದು ಪ್ರಾಮಾಣಿಕವಾಗಿ ಹೇಳಿ, ಹಳೆಯ ಯಂತ್ರದ ಮೇಲಿಂದ ಕೈ ತೆಗೆದ.

ತೇಜಶ್ರೀಯೇ ಒತ್ತಾಯಿಸಿ ಚಿತ್ರದುರ್ಗಕ್ಕೆ ಕರೆದೊಯ್ದು ಶ್ರವಣಯಂತ್ರ ಕೊಡಿಸಿದಳು. ಅದನ್ನು ಹಾಕಿಕೊಂಡು ಮನೆಗೆ ಬಂದಾಗ ಯರ್ರಮ್ಮ ಎಂದಿನಂತೆ ಕೂಗಿದಳು, "ಮುದ್ದೆ ಇಕ್ಕಲೇನೋ?"

"ಮೆಲ್ಲಗೆ ಮಾತಾಡಕ್ಕಾ. ಕೇಳಿಸ್ತೈತೆ."

ಮೆಲ್ಲಗೆ ಹೇಳುವಂಥದ್ದೇನೂ ಆಗ ಅವಳಿಗೆ ಹೊಳೆಯಲಿಲ್ಲ. ತಟ್ಟೆ ತಂದು ಅವನ ಮುಂದಿಟ್ಟಳು.