ಹಾರಿದ ನಿಷಾದ

ಹಾರ್ಮೋನಿಯಂ ರಿಪೇರಿಯಾಗಿ ನಿನ್ನೆ ಮನೆಗೆ ಬಂತು. ಮುಚ್ಚಳ ತೆಗೆದರೆ ಹೊಸ ಗೋಂದಿನ ವಾಸನೆ. ಇಷ್ಟು ವರ್ಷ ಎಷ್ಟು ಒತ್ತಿದರೂ ಉಸಿರೆತ್ತದಿದ್ದ 'ನಿ' ಸ್ವರ, ನಿಷಾದ, ಈಗ ಬೆರಳು ತಾಗಿದರೆ ಸಾಕು, ಕೂಗುತ್ತದೆ. ಸಂತೋಷಪಡಬೇಕಿತ್ತು, ನೋಡಿ. ನನಗೆ ಸುಸ್ತಾಯಿತು.

ಶಿಕಾರಿಪುರದಲ್ಲಿ ನಾನು ಸಂಗೀತದ ಅಕ್ಕೋರು. ವಾರವಿಡೀ ಮನೆಯಲ್ಲಿ ಪಾಠ, ಭಾನುವಾರ ಬಸ್ ಹತ್ತಿ ಆನವಟ್ಟಿಯಲ್ಲಿ ಪಾಠ. ಹೇಳಿಕೊಟ್ಟೂ ಕೊಟ್ಟೂ ನಿದ್ದೆಯಲ್ಲೂ 'ಸರಿಗಮ' ಎನ್ನುತ್ತೇನಂತೆ. ನಮ್ಮ ಮನೆಯವರ ದೂರು. ಇದರ ನಡುವೆ ಹಾಡು ಕಟ್ಟುವ ಹುಚ್ಚು ಬೇರೆ. ಕಟ್ಟಿದ್ದು ಎಷ್ಟೋ, ಜನರ ಬಾಯಲ್ಲಿ ನಿಂತದ್ದು ಒಂದು ತೊಟ್ಟಿಲ ಹಾಡು ಮಾತ್ರ. ಅದನ್ನು ಕಟ್ಟುವಾಗಲೇ ನಿಷಾದ ಕೆಟ್ಟಿತ್ತು. ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ಹಾಡಿಗೆ ಎಲ್ಲಿಂದ ತರಲಿ? ನಡುವಿನ 'ನಿ' ಬಿಟ್ಟು ಧೈವತದಿಂದ ಮೇಲಿನ ಷಡ್ಜಕ್ಕೆ ಹಾರಿಬಿಟ್ಟೆ, ಚರಂಡಿ ದಾಟಿದ ಹಾಗೆ. ಆನವಟ್ಟಿಯ ಹುಡುಗಿಯರಿಗೆ ಹಾಗೇ ಕಲಿಸಿದೆ. ಅವರು ಮದುವೆಯಾಗಿ ಹೋದ ಊರುಗಳಿಗೆ ಹಾಡೂ ಹೋಯಿತು. ಎಂದಾದರೂ ನಿಷಾದ ಸೇರಿಸಿ ಸರಿಮಾಡಬೇಕು ಎಂದುಕೊಳ್ಳುತ್ತಲೇ ಇದ್ದೆ.

ಹೋದ ತಿಂಗಳು ಸೊರಬದಲ್ಲಿ ಪರಿಚಯದವರ ಮನೆ ನಾಮಕರಣ. ತೊಟ್ಟಿಲು ತೂಗುತ್ತ ಹೆಂಗಸರು ಶುರುಮಾಡಿದ್ದು ನನ್ನದೇ ಹಾಡು! ಪಕ್ಕದಲ್ಲಿದ್ದ ಹಿರಿಯ ಹೆಂಗಸನ್ನು ಕೇಳಿದೆ, "ಯಾರು ಕಟ್ಟಿದ ಹಾಡು ಇದು?"

"ಯಾರು ಕಟ್ತಾರ್ರೀ? ಹಳೇದು. ನಮ್ಮತ್ತೆ ಕಾಲದಿಂದ್ಲೂ ಅದೆ."

ನನ್ನ ತಲೆ ನರೆತಿರಬಹುದು, ಹಾಗಂತ ಅವರ ಅತ್ತೆಯ ಕಾಲದವಳೇನಲ್ಲ. ನಂದು ಎಂದು ಹೇಳುವುದು ಹೇಗೆ? ನಾಚಿಕೆಯಾಯಿತು. ಹಾಡಿಯಾದರೂ ತೋರಿಸೋಣವೆಂದು ದನಿಗೂಡಿಸಿದೆ, ಬೇಕೆಂದೇ ನಿಷಾದ ಸೇರಿಸಿ. ಆಕೆ ನನ್ನ ಮೊಣಕೈ ಹಿಡಿದರು.

"ತಪ್ಪು ಹೇಳ್ತಿದೀರಿ. ಅಲ್ಲಿ ಹಾರ್ಬೇಕು ಕಣ್ರೀ. ಗೊತ್ತಿಲ್ದಿದ್ರೆ ಸುಮ್ನೆ ಚಪ್ಪಾಳೆ ತಟ್ರಿ."

ತಟ್ಟಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಳು ಬಂತು. ಇಷ್ಟು ವರ್ಷ ಗಂಟಲು ಹರಿದುಕೊಂಡು ನನ್ನದು ಅಂತ ಉಳಿದದ್ದು ಅದೊಂದು. ಅದಕ್ಕೂ ನಾನು ಯಾರೂ ಅಲ್ಲವೇ?

ಇವತ್ತು ಬೆಳಗ್ಗೆ ಕಾವ್ಯಾ ಪಾಠಕ್ಕೆ ಬಂದಿದ್ದಳು. ಬ್ಯಾಂಕಿನಲ್ಲಿ ಕೆಲಸ ಅವಳಿಗೆ, ಆಫೀಸಿಗೆ ಹೋಗುವ ಮುಂಚೆ ಬಂದು ಕಲಿಯುತ್ತಾಳೆ. ಅದೇ ಹಾಡು ನುಡಿಸುತ್ತ ನಡುವೆ ನಿಲ್ಲಿಸಿದಳು.

"ಅಕ್ಕೋರೇ, ಈಗ ನಿಷಾದ ಬರ್ತದಲ್ಲ. ಸೇರಿಸ್ಲಾ?"

"ಬೇಡ. ಅಲ್ಲಿ ಹಾರ್ಬೇಕು."

"ಯಾಕೆ?"

"ಪೆಟ್ಟಿಗೆ ಕೆಟ್ಟಿತ್ತಮ್ಮ, ನಾನು ಕಟ್ಟಿದಾಗ."

"ನೀವು ಕಟ್ಟಿದ್ದಾ!" ಎಂದು ಕಾವ್ಯಾ ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದಳು. ಆ ಜಾಗ ಬಂದಾಗ ಹಾರಿದಳು.