ಹಪ್ಪಳದ ಡಬ್ಬಿಯ ತೋಟೆ

ಕತಾರಿನ ನಮ್ಮ ಕೋಣೆಯ ಹಸನಬ್ಬ ಸುಳ್ಳು ಹೇಳುವ ಮನುಷ್ಯನಲ್ಲ. ಇಪ್ಪತ್ತೊಂದು ವರ್ಷದಿಂದ ಒಂದೇ ಕಂಪನಿಯ ಬಸ್ಸು ಓಡಿಸುತ್ತಿದ್ದಾನೆ. ಬಸ್ಸಿಗೆ ಗೀರು ಬಿದ್ದರೆ ತಾನೇ ಹೋಗಿ ಮ್ಯಾನೇಜರನಿಗೆ ತೋರಿಸುತ್ತಾನೆ. ಅಂಥವನು ಒಂದೇ ಒಂದು ಸುಳ್ಳು ಹೇಳಿದ. ಆಗ ಪಕ್ಕದ ಮಂಚದಲ್ಲಿ ನಾನಿದ್ದೆ.

ಅವನ ತಂದೆಗೆ ಹಂದಿ ಓಡಿಸಲು ಲೈಸೆನ್ಸಿನ ಕೋವಿಯೊಂದಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತವರಿಂದ ಸೊಸೆಯನ್ನು ಕರೆತಂದ ಹಾಗೆ ತರುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಲೈಸೆನ್ಸು ತಾನಾಗಿ ಮಗನಿಗೆ ಬರಲಿಲ್ಲ. ಅರ್ಜಿ ಹಾಕಿ ಠಾಣೆ, ಕಚೇರಿ ಅಲೆಯಬೇಕಿತ್ತು, ಇವನು ಕತಾರಿನಲ್ಲಿದ್ದ. ಠಾಣೆಗೆ ಒಪ್ಪಿಸಿದ ಕೋವಿ ಅಲ್ಲೇ ಉಳಿಯಿತು. ಮನೆಯಲ್ಲಿ ಉಳಿದದ್ದು ಹಾರಿಸಿ ಖಾಲಿಯಾದ ಒಂದು ಹಿತ್ತಾಳೆಯ ತೋಟೆ. ಮುದುಕರು ಅದರಲ್ಲಿ ವೀಳ್ಯದ ಸುಣ್ಣ ಇಟ್ಟುಕೊಳ್ಳುತ್ತಿದ್ದರು. ಅದಾದರೂ ತನ್ನ ಬಳಿ ಇರಲಿ ಎಂದು ಹಸನಬ್ಬನಿಗೆ ಆಸೆ.

ಮೂರನೆಯ ಮಂಚದ ರಿಚರ್ಡ್ ಅವನ ಊರಿನವನೇ, ಇಲ್ಲಿಯ ಲುಸೈಲ್ ನಗರದಲ್ಲಿ ಎಸಿ ಮೆಕ್ಯಾನಿಕ್. ಅಮ್ಮನ ಕಾಯಿಲೆಗೆಂದು ಊರಿಗೆ ಹೋಗಿ ಆರು ತಿಂಗಳ ಹತ್ತಿರ ಉಳಿದಿದ್ದ. ಆರು ತಿಂಗಳು ದಾಟಿದರೆ ವೀಸಾ ರದ್ದಾಗಿ ವಾಪಸು ಬರುವುದು ಕಷ್ಟ. ಎರಡು ದಿನ ಬಾಕಿ ಇರುವಾಗಿನ ಟಿಕೆಟು ಸಿಕ್ಕಿತ್ತು. ಊರಿಂದ ಬರುವವರು ಉಳಿದವರ ಕಟ್ಟು ತರುವುದು ನಮ್ಮ ಕೋಣೆಯ ಪದ್ಧತಿ. ಕಟ್ಟು ಬಿಚ್ಚಿ ನೋಡುವುದಾಗಲಿ, ಒಳಗೇನಿದೆ ಎಂದು ಕೇಳುವುದಾಗಲಿ ಮರ್ಯಾದೆಯಲ್ಲ. ಹಸನಬ್ಬ ಹೆಂಡತಿ ಶರೀಫಾಳಿಗೆ ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ಇಷ್ಟು ವರ್ಷದಲ್ಲಿ ಬ್ಯಾರಿ ಭಾಷೆ ನನಗೂ ಅರ್ಥವಾಗುತ್ತದೆ: ತೋಟೆಯನ್ನು ಹಪ್ಪಳದ ಡಬ್ಬಿಯ ಅಡಿಯಲ್ಲಿ ಹಾಕು, ರಿಚರ್ಡನಿಗೆ ಹೇಳಬೇಡ, ಸುಮ್ಮನೆ ಹೆದರುತ್ತಾನೆ.

"ಅದು ಬ್ಯಾಡೋ ಮಾರಾಯ" ಎಂದು ನಾನು ಅನ್ನಬೇಕಿತ್ತು. ಹಪ್ಪಳದಲ್ಲಿ ನನಗೂ ಪಾಲಿತ್ತು, ಸುಮ್ಮನಾದೆ.

ಶುಕ್ರವಾರ ಹಸನಬ್ಬ ಜುಮ್ಮಾ ನಮಾಜು ಮುಗಿಸಿ ಬಂದು ಕೂತಿದ್ದ. ಊರಿನ ವಿಮಾನ ನಿಲ್ದಾಣದಿಂದ ರಿಚರ್ಡನ ಫೋನ್ ಬಂತು, ಸ್ಪೀಕರ್ ಹಾಕಿದ.

"ಹಸನಬ್ಬಾಕ, ಸ್ಕ್ಯಾನಿಂಗಿನಲ್ಲಿ ಹಿಡಿದ್ರು. ನಿಮ್ಮ ಡಬ್ಬಿಯಲ್ಲಿ ತೋಟೆ ಉಂಟು. ಪೊಲೀಸರು ಇಲ್ಲೇ ಇದ್ದಾರೆ. ನಿಮ್ಮ..."

"ನನ್ನ ಡಬ್ಬಿಯಲ್ಲಿ ಹಪ್ಪಳ ಮಾತ್ರ ಇದ್ದದ್ದು. ಬೇರೆ ಎಂತದೂ ನನಗೆ ಗೊತ್ತಿಲ್ಲ!"

ಫೋನನ್ನೇ ಆಫ್ ಮಾಡಿಬಿಟ್ಟ. "ಪೊಲೀಸ್ ಕೇಸ್ ಅಂತ ಕಂಪನಿಗೆ ಗೊತ್ತಾದ್ರೆ ಖಲಾಸ್, ಪಂಚಪ್ಪ" ಎಂದ. ನನ್ನ ಫೋನೂ ಬಡಿದುಕೊಂಡಿತು, ರಿಚರ್ಡನದೇ. ನಾನೂ ಎತ್ತಲಿಲ್ಲ.

ತೋಟೆ ಪರೀಕ್ಷೆಗೆ ಹೋಯಿತು. ಅದು ಖಾಲಿ, ಅಪಾಯವಿಲ್ಲ ಎಂದು ಬರೆದು ಬರುವಷ್ಟರಲ್ಲಿ ಹನ್ನೊಂದು ದಿನ ಕಳೆದವು. ರಿಚರ್ಡನ ಆರು ತಿಂಗಳು ದಾಟಿತ್ತು. ಕಂಪನಿ ಅವನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡಿತು. ಅಮ್ಮನ ಔಷಧಿಗೆ ಅವನ ಸಂಬಳವೊಂದೇ ದಾರಿಯಾಗಿತ್ತು. ಅವನ ಹೆಸರೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳರಂತೆ ಇಬ್ಬರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆವು. ಹಸನಬ್ಬ ಅರ್ಧ ಊಟಕ್ಕೇ ಏಳುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು, ನನ್ನ ಮೇಲೆ ಅಸಹ್ಯ.

ತಿಂಗಳಾದ ಮೇಲೆ ನಾನೇ ರಿಚರ್ಡನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಹಸನಬ್ಬನ ಕೈಗೆ ಕೊಟ್ಟೆ.

"ರಿಚರ್ಡ್, ಅದು ನನ್ನದೇ. ನಾನೇ ಹಾಕಿಸಿದ್ದು. ನಿನ್ನ ಅನ್ನ ಕಿತ್ತುಕೊಂಡೆ" ಎಂದು ಹಸನಬ್ಬ ಅತ್ತುಬಿಟ್ಟ.

"ನಿಮ್ಮದೇ ಅಂತ ಗೊತ್ತುಂಟು ಹಸನಬ್ಬಾಕ. ನಿಮ್ಮ ತಂದೆ ಅದರಲ್ಲಿ ಸುಣ್ಣ ಹಾಕ್ತಿದ್ದದ್ದು ನಾನು ನೋಡಿದ್ದೇನಲ್ಲ. ಪೊಲೀಸರಿಗೂ ಅದನ್ನೇ ಹೇಳಿದೆ. ಅವರ ಲೈಸೆನ್ಸಿನ ಒಂದು ಫೋಟೋ ತರಿಸಿ ತೋರಿಸು, ಇದೇ ವಿಮಾನಕ್ಕೆ ಬಿಡ್ತೇವೆ ಅಂದ್ರು. ಅದನ್ನು ಕೇಳ್ಲಿಕ್ಕೇ ಫೋನ್ ಮಾಡಿದ್ದು. ಬೇರೆ ಎಂತ ಇಲ್ಲ."

ಲೈಸೆನ್ಸಿನ ಆ ಫೋಟೋ ಹಸನಬ್ಬನ ಫೋನಿನಲ್ಲೇ ಇತ್ತು. ನನ್ನ ಫೋನಿನಲ್ಲೂ ಇತ್ತು. ತಂದೆಯ ಪ್ರಾಯದ ಮುಖ ಇರುವುದು ಅದೊಂದರಲ್ಲೇ ಎಂದು, ಅವರು ತೀರಿಕೊಂಡ ದಿನ ಅವನೇ ನನಗೆ ಕಳಿಸಿದ್ದ.