ಮೆಹರಳ ಶಾಲೆ ಗೆದ್ದ ಸೋಮವಾರ

ಜೂನ್ ತಿಂಗಳ ಮೊದಲ ಮಳೆಗೆ ಹಾನಗಲ್ಲಿನ ಬಸ್ ನಿಲ್ದಾಣ ರಾಡಿಯಾಗಿತ್ತು. ಬಂಕಾಪುರದ ಬಸ್ಸು ಹತ್ತಿ, ಆಧಾರ್ ಕಾರ್ಡ್ ತೋರಿಸಿ, ಹೆಣ್ಣುಮಕ್ಕಳ ಶೂನ್ಯ ದರದ ಟಿಕೆಟ್ ಪಡೆದು ಕಿಟಕಿಯ ಬದಿಗೆ ಕುಳಿತೆ. ನಾನು ಹಾನಗಲ್ಲಿನ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಕನ್ನಡ ಕಲಿಸುವವಳು. ಹೊರಟಿದ್ದು ಸವಣೂರು ತಾಲೂಕಿನ ಹಳ್ಳಿಯೊಂದರ ಸರಕಾರಿ ಶಾಲೆಯ ಸಭೆಗೆ. ರಜೆ ಕೇಳುವಾಗ ಗೆಳತಿಯ ಊರಿಗೆ ಹೋಗಬೇಕೆಂದಷ್ಟೇ ಹೇಳಿದ್ದೆ.

ಗೆಳತಿಯ ಹೆಸರು ಮೆಹರುನ್ನಿಸಾ. ಶಿಕ್ಷಕರ ತರಬೇತಿಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಈಗ ಅವಳು ಆ ಶಾಲೆಯ ಮುಖ್ಯೋಪಾಧ್ಯಾಯಿನಿ, ಇಡೀ ಶಾಲೆಗೆ ಅವಳೊಬ್ಬಳೇ ಶಿಕ್ಷಕಿ. ಹಿಂದಿನ ವಾರ ಫೋನ್ ಮಾಡಿದ್ದಳು. "ಶೈಲಾ, ನನ್ನ ಸಾಲಿ ಕೈ ಬಿಟ್ಟು ಹೋಗಾಕತ್ತೈತಿ. ನೀ ಸುಮ್ನ ಬಂದು ಬಾಜೂಕ ಕುಂಡ್ರು, ಸಾಕು." ದೊಡ್ಡ ಊರಿನ ಶಿಕ್ಷಣ ಸಂಸ್ಥೆಯೊಂದು ಶಾಲೆಯನ್ನು ತಾನೇ ನಡೆಸುತ್ತೇನೆಂದು ಮುಂದೆ ಬಂದಿತ್ತು. ಆ ಸಂಸ್ಥೆ ತಾಲೂಕಿನ ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ಮೆಹರಳ ಮಕ್ಕಳು ತೀರ ಹಿಂದೆ ಬಿದ್ದಿದ್ದೇ ಅದಕ್ಕೆ ಆಧಾರ. ಶಾಲಾ ಸಮಿತಿಯವರು ಆ ದಿನ ಹೂಂ ಅಥವಾ ಊಹೂಂ ಅನ್ನಬೇಕಿತ್ತು.

ಹಾನಗಲ್ ತಾಲೂಕು ದಾಟುವವರೆಗೆ ಭತ್ತದ ಗದ್ದೆಗಳು. ಬಂಕಾಪುರ ಹತ್ತಿರವಾದಂತೆ ಗೋವಿನಜೋಳ ಬಿತ್ತಲು ಹದ ಮಾಡಿದ ಹೊಲಗಳು ಕಂಡವು. ಬಂಕಾಪುರದಲ್ಲಿ ಇಳಿದು ಗಿರಮಿಟ್ಟು ತಿಂದು, ಚಹಾ ಕುಡಿದು, ಸವಣೂರಿನ ಬಸ್ಸು ಹಿಡಿದೆ. ಶಿಗ್ಗಾವಿಯ ಹೆಂಗಸೊಬ್ಬಳು ಮಗಳಿಗೆ ಕೊಂಡ ಹೊಸ ಪಾಟೀಚೀಲ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಳಿತಳು. ಯಾವ ಶಾಲೆ ಎಂದು ಕೇಳಿದೆ.

"ಪ್ರೈವೇಟ್‌ರಿ. ಸರಕಾರಿ ಸಾಲಿ ಮನೀ ಮುಂದನ ಐತಿ. ಆದ್ರ ಅಲ್ಲಿಗೆ ಹಾಕಿದ್ರ ಮಂದಿ ಏನಂತಾರ್ರಿ?"

ನನ್ನ ಸಂಬಳ ಬರುವುದೇ ಇಂಥ ತಾಯಂದಿರಿಂದ.

ಸವಣೂರಿನಲ್ಲಿ ಅಲ್ಲಿಯ ಹೆಸರಾದ ಕುರುಕಲು ತಿಂಡಿ ಖಾರವನ್ನು ಕಾಲು ಕಿಲೋ ಕಟ್ಟಿಸಿಕೊಂಡು, ವೀಳ್ಯದೆಲೆ ಬಳ್ಳಿಯ ತೋಟಗಳ ನಡುವಿನ ದಾರಿಯಲ್ಲಿ ಟಂಟಂ ಆಟೋ ಹತ್ತಿದೆ. ಇಪ್ಪತ್ತು ರೂಪಾಯಿ. ಮೆಹರ್ ಶಾಲೆಯ ಗೇಟಿನಲ್ಲೇ ನಿಂತಿದ್ದಳು. ನನ್ನ ಕೈ ಹಿಡಿದವಳು ವರಾಂಡ ಮುಟ್ಟುವವರೆಗೂ ಬಿಡಲಿಲ್ಲ.

ವರಾಂಡದಲ್ಲಿ ಚಾಪೆ ಹಾಸಿತ್ತು. ಶಾಲಾ ಸಮಿತಿಯ ಅಧ್ಯಕ್ಷ ಇಮಾಮಸಾಬ್ ಎಲೆತೋಟದಿಂದ ನೇರ ಬಂದವರು, ಮೊಣಕಾಲಿನವರೆಗೆ ಮಣ್ಣು. ಒಂದು ಕಡೆ ಶಾಲೆಯ ಮಕ್ಕಳ ತಾಯ್ತಂದೆಯರು. ಇನ್ನೊಂದು ಕಡೆ ಮಕ್ಕಳನ್ನು ವ್ಯಾನಿನಲ್ಲಿ ಸವಣೂರಿನ ಖಾಸಗಿ ಶಾಲೆಗೆ ಕಳಿಸುವವರು. ಸಂಸ್ಥೆಯ ಪರವಾಗಿ ಬಂದಿದ್ದವಳು ನವ್ಯಾ, ತುಮಕೂರಿನ ಕಡೆಯ ಹುಡುಗಿ. ಅವಳ ಮಾತಿನಲ್ಲಿ ಸೊಕ್ಕಿರಲಿಲ್ಲ.

"ನಾನು ಯಾರನ್ನೂ ಬೈಯೋಕೆ ಬಂದಿಲ್ಲ," ಎಂದು ಶುರು ಮಾಡಿದಳು. "ಆದ್ರೆ ಫಲಿತಾಂಶ ನೋಡಿ. ಅದೇ ಪ್ರಶ್ನೆಗಳಿಗೆ ನಿಮ್ಮೂರಿಂದ ವ್ಯಾನಲ್ಲಿ ಹೋಗೋ ಮಕ್ಕಳು ಸರಿ ಉತ್ತರ ಬರೆದಿದ್ದಾರೆ."

ವ್ಯಾನಿನ ಕಡೆಯಿಂದ ರೇಣವ್ವ ಎದ್ದಳು. ಅವಳ ಮಗ ಮಂಜು ಆ ಖಾಸಗಿ ಶಾಲೆಯಲ್ಲಿ ಮೂರನೆಯ ಇಯತ್ತೆ; ಆ ದಿನ ಶಾಲೆ ಬಿಡಿಸಿ ಅವನನ್ನೂ ಕರೆತಂದಿದ್ದಳು.

"ಅಕ್ಕೋರ, ನೀವು ಛಲೋ ಮಂದಿ. ಆದ್ರ ಎಲ್ಲಾ ಇಯತ್ತೆ ನಿಮ್ಮೊಬ್ಬರ ತಲೀ ಮ್ಯಾಲ ಅದಾವು. ನಮ್ಮ ಹುಡುಗರು ಇಂಗ್ಲಿಷ್ ಯಾವಾಗ ಕಲೀಬೇಕ್ರಿ?"

"ಖರೇ ಐತಿ ರೇಣವ್ವ," ಎಂದಳು ಮೆಹರ್. "ಇಲ್ಲ ಅನ್ನಂಗಿಲ್ಲ ನಾ."

ಸೋತೆವು ಎಂದುಕೊಂಡೆ. ಅಷ್ಟರಲ್ಲಿ, ಮೆಹರ್ ಮೊದಲೇ ಪರಿಚಯಿಸಿದ್ದ ನನ್ನತ್ತ ಇಮಾಮಸಾಬರು ತಿರುಗಿದರು. "ಬಾಯಾರ, ನೀವು ಖಾಸಗಿ ಸಾಲ್ಯಾಗ ಕಲಸಾವ್ರು. ನೀವ ಹೇಳ್ರಿ."

ಎದ್ದು ನಿಂತೆ. "ನಮ್ಮ ಸಾಲ್ಯಾಗ ಗೇಟಿನ್ಯಾಗ ಮಕ್ಕಳನ್ನ ಆರಿಸ್ತೀವ್ರಿ. ಓದಾಕ ಬರೂವ್ರನ್ನ ಒಳಗ ತಗೋತೀವಿ, ಬರದವ್ರನ್ನ ಹೊರಗ ಕಳಸ್ತೀವಿ. ಮೆಹರ್ ಬಂದವ್ರನ್ನೆಲ್ಲಾ ತಗೋತಾಳು. ಇಬ್ಬರನ್ನೂ ಒಂದ ತಕ್ಕಡಿಯಾಗ ಹ್ಯಾಂಗ ತೂಗ್ತೀರಿ?"

ಹೇಳಿ ಕುಳಿತೆ. ಮೆಹರ್ ನವ್ಯಾಳಿಂದ ಪ್ರಶ್ನೆಪತ್ರಿಕೆ ಇಸಿದುಕೊಂಡು, ತನ್ನ ಮಕ್ಕಳೆಲ್ಲ ತಪ್ಪಿದ ಮೊದಲ ಪ್ರಶ್ನೆಯನ್ನು ಸಭೆಗೇ ಓದಿದಳು.

"ಕಡಲೆಕಾಯಿ ನೆಲದೊಳಗೆ ಬೆಳೆಯುತ್ತದೆ. ಸರಿಯೋ ತಪ್ಪೋ?"

"ತಪ್ಪು!" ಎಂದರು ಎರಡೂ ಕಡೆಯವರು, ಒಟ್ಟಿಗೆ.

ನವ್ಯಾ ಕಣ್ಣರಳಿಸಿದಳು. "ಅಯ್ಯೋ, ನೆಲದೊಳಗೇ ಅಲ್ವಾ ಬೆಳೆಯೋದು? ಹುರಿದು ತಿಂತೀವಲ್ಲ, ಬೆಲ್ಲ ಹಾಕಿ ಉಂಡೆ ಕಟ್ತೀವಲ್ಲ..."

"ಅದು ಶೇಂಗಾರೀ, ತಂಗಿ!" ಇಮಾಮಸಾಬರು ತೊಡೆ ತಟ್ಟಿದರು. "ಕಡಲಿ ಗಿಡದ ಮ್ಯಾಲ ಆಗ್ತೈತಿ. ನಮ್ಮ ಹುಡುಗರು ಖರೇನ ಬರದಾರ!"

ನವ್ಯಾ ತಬ್ಬಿಬ್ಬಾಗಿ ಮಂಜುವನ್ನು ಹತ್ತಿರ ಕರೆದಳು. "ನೀನು ಸರಿ ಅಂತ ಬರೆದಿದ್ದೀಯಲ್ಲ ಪುಟ್ಟಾ, ಕಡಲೆಕಾಯಿ ಅಂದ್ರೆ ಯಾವುದು?"

"ಕಡಲೀರಿ. ಗಿಡದ ಮ್ಯಾಲ ಆಗ್ತೈತಲ್ರಿ."

"ಮತ್ತೆ ನೆಲದೊಳಗೆ ಅಂತ ಯಾಕೆ ಬರೆದೆ?"

"ಹೊಲದಾಗ ಗಿಡದ ಮ್ಯಾಲ ಬೆಳೀತೈತ್ರಿ," ಎಂದ ಮಂಜು ಗಂಭೀರವಾಗಿ. "ಪರೀಕ್ಷೆಯಾಗ ನೆಲದಾಗ ಬೆಳೀತೈತಿ. ಮಿಸ್ ಹಳೇ ಪೇಪರೆಲ್ಲಾ ಬಾಯಿಪಾಠ ಮಾಡ್ಸ್ಯಾರ."

ವರಾಂಡದ ತಗಡು ಹಾರಿಹೋಗುವಂಥ ನಗೆ ಎದ್ದಿತು. ನವ್ಯಾಳೂ ಮುಖ ಮುಚ್ಚಿಕೊಂಡು ನಕ್ಕಳು. ರೇಣವ್ವ ಮಾತ್ರ ನಗದೆ ಮಗನನ್ನು ಎಳೆದು ಪಕ್ಕಕ್ಕೆ ಕೂಡಿಸಿಕೊಂಡು, ಅವನ ತಲೆ ಸವರುತ್ತ ಕುಳಿತಳು.

"ಒಂದು ಪ್ರಶ್ನೆಗೆ ಸಾಲಿ ಗೆಲ್ಲಂಗಿಲ್ಲ," ಎಂದು ನಗೆ ನಿಲ್ಲಿಸಿದವಳು ಮೆಹರಳೇ. "ನವ್ಯಾ ಅವ್ರ, ಉಳಿದದ್ದನ್ನ ಇಲ್ಲೇ ಕೇಳ್ರಿ. ಎಲ್ಲಾರೂ ಕೇಳಲಿ."

ನವ್ಯಾ ಕೇಳಿದಳು. ತಿಳಿಯದ ಪದ ಬಂದಾಗ ಬಿಡಿಸಿ ಹೇಳಿದಳು. ಮಕ್ಕಳು ಎದ್ದು ನಿಂತು ಓದಿದರು, ಕಥೆಯ ಅರ್ಥ ಹೇಳಿದರು. ಕಳೆಯುವ ಲೆಕ್ಕದಲ್ಲಿ ಮಾತ್ರ ಸಾಲಾಗಿ ಎಡವಿದರು. ಕೊನೆಗೆ ನವ್ಯಾ ಎದ್ದಳು.

"ಈ ಮಕ್ಕಳಿಗೆ ಓದೋಕೆ ಬರುತ್ತೆ. ಲೆಕ್ಕದಲ್ಲಿ ಹಿಂದಿದ್ದಾರೆ. ಇವರಿಗೆ ಬೇಕಾಗಿರೋದು ಇನ್ನೊಬ್ಬ ಟೀಚರ್, ನಮ್ಮ ಸಂಸ್ಥೆ ಅಲ್ಲ. ನನ್ನ ವರದಿಯಲ್ಲಿ ಹೀಗೇ ಬರೀತೀನಿ."

ಶಾಲೆಯನ್ನು ಯಾರಿಗೂ ಕೊಡುವುದಿಲ್ಲ ಎಂದು ಕೈ ಎತ್ತಿಸಿದರು ಇಮಾಮಸಾಬ್. ಸಮಿತಿಯವರ ಕೈಗಳ ಜೊತೆಗೆ ವ್ಯಾನಿನ ಕಡೆಯಿಂದ ರೇಣವ್ವನ ಕೈಯೂ ಎದ್ದಿತ್ತು. ಎತ್ತಿದ ಕೈ ಇಳಿಸದೆಯೇ ಅವಳು ಕೇಳಿದಳು: "ಟೀಚರ್ ತರಾಕ ಯಾವಾಗ ಹೋಗೂದ್ರಿ?"

ಆ ಇರುಳು ಮೆಹರಳ ಮನೆಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ ಉಂಡೆವು. ನಾನು ತಂದ ಖಾರ ನವ್ಯಾಳೂ ಸೇರಿ ಖಾಲಿ ಮಾಡಿದೆವು.

ಮಂಗಳವಾರ ಬೆಳಿಗ್ಗೆ ಸವಣೂರಿನ ಬಸ್ಸಿಗೆ ನಾನು ಒಬ್ಬಳೇ ಅಲ್ಲ, ಊರಿನ ತಾಯಂದಿರೆಲ್ಲ, ಜೊತೆಗೆ ಇಮಾಮಸಾಬರೂ ಹತ್ತಿದರು. ಟಿಕೆಟ್ ಹರಿದು ಹರಿದು ಕಂಡಕ್ಟರನಿಗೆ ಸಾಕಾಯಿತು.

"ಯಾರ ಮದಿವಿ ಐತ್ರಬೇ?"

"ಮದಿವಿ ಅಲ್ಲೋ ತಮ್ಮಾ," ಎಂದಳು ರೇಣವ್ವ. "ನಮ್ಮ ಸಾಲಿಗೆ ಇನ್ನೊಬ್ಬ ಅಕ್ಕೋರನ್ನ ಕರಕೊಂಡ ಬರಾಕ ಹೊಂಟೇವಿ."

ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಅವರು ಗದ್ದಲ ಮಾಡಲಿಲ್ಲ. ನೆಲದ ಮೇಲೆ ಸಾಲಾಗಿ ಕುಳಿತು, ಸಾಹೇಬರು ಎದ್ದಾಗ ಎದ್ದರು, ಕುಳಿತಾಗ ಕುಳಿತರು. ಇಮಾಮಸಾಬರು ಸಭೆಯ ತೀರ್ಮಾನವನ್ನೂ ನವ್ಯಾ ಹೇಳಿದ್ದನ್ನೂ ವಿವರಿಸಿದರು. ಅತಿಥಿ ಶಿಕ್ಷಕರನ್ನು ಹಂಚುವ ದಿನಗಳೇ ಅವು. ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಆದೇಶಕ್ಕೆ ಸಹಿ ಹಾಕಿದರು. ನೇಮಕಕ್ಕಾಗಿ ಕಾದು ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ತರುಣಿಯೊಬ್ಬಳ ಹೆಸರು ಕರೆದರು. ಗಣಿತದ ಜೊತೆಗೆ ಇಂಗ್ಲಿಷೂ ಕಲಿಸುವವಳು. ನಾಳೆ ಬಂದು ಹಾಜರಾಗುತ್ತೇನೆ ಎಂದಳು.

"ನಾಳೆ ಯಾಕ್ರಿ? ನಡೀರಿ, ಸಾಲಿ ಬಿಡೂ ಗಂಟಿ ಹೊಡಿಯೂದ್ರೊಳಗ ಮುಟ್ಟೋಣು," ಎಂದು ರೇಣವ್ವ ಅವಳ ಚೀಲವನ್ನು ತನ್ನ ಕಂಕುಳಕ್ಕೆ ಏರಿಸಿಯೇಬಿಟ್ಟಳು.

ನಿಲ್ದಾಣದಲ್ಲಿ ನನ್ನ ಬಂಕಾಪುರದ ಬಸ್ಸು ಮೊದಲು ಹೊರಟಿತು. ಹಿಂದಿರುಗಿ ನೋಡಿದೆ. ಹೊಸ ಶಿಕ್ಷಕಿಯನ್ನು ನಡುವೆ ಕೂಡಿಸಿಕೊಂಡು ಅವರೆಲ್ಲ ಊರಿನ ಬಸ್ಸಿನಲ್ಲಿ ಇಕ್ಕಟ್ಟಾಗಿ ಕುಳಿತಿದ್ದರು. ರೇಣವ್ವ ಕಿಟಕಿಯಿಂದ ಅರ್ಧ ಹೊರಬಂದು ಕೈ ಬೀಸಿದಳು.

"ಬಾಯಾರ! ಮಂಜುನ ಹೆಸರು ನಮ್ಮ ಸಾಲಿಗೆ ಹಚ್ಚತೇನಿ! ನಾಳೆ ವ್ಯಾನ್ ಬಂದ್ರ ಹಾರ್ನ್ ಹೊಡಕೋಂತ ನಿಂದ್ರಲಿ!"